ಪಹಣಿ ಮಾವನದು, ಮೀಟರ್ ಮಾವನದು, ಸಾಲ ನನ್ನದು

ನಾನೂ ನನ್ನ ತಮ್ಮನೂ ವ್ಯಾಪಾರಕ್ಕೆ ಇಳಿದದ್ದು ಒಂದೇ ವರ್ಷ, 2017ರಲ್ಲಿ. ಅವನು ಸುಂಟಿಕೊಪ್ಪದಲ್ಲಿ ತೋಟದ ಯಂತ್ರಗಳ ಅಂಗಡಿ ತೆರೆದ. ಕಳೆ ಕೊಚ್ಚುವ ಮೆಷಿನ್, ಔಷಧಿ ಹೊಡೆಯುವ ಸ್ಪ್ರೇಯರ್, ಮರ ಕೊಯ್ಯುವ ಗರಗಸ, ಅವುಗಳ ಬಿಡಿಭಾಗ, ಜೊತೆಗೆ ರಿಪೇರಿ. ನಾನು ಮಾದಾಪುರದ ಹತ್ತಿರ, ಗಂಡನ ಮನೆಯ ಹಿಂದಿದ್ದ ಹಳೇ ಕಾಫಿ ಗೋದಾಮಿನಲ್ಲಿ ಮಸಾಲೆ ಪುಡಿ ಮತ್ತು ಉಪ್ಪಿನಕಾಯಿ ಮಾಡುವ ಘಟಕ ಶುರುಮಾಡಿದೆ. ಒಂದೇ ಮನೆಯಲ್ಲಿ ಬೆಳೆದವರು, ಇಬ್ಬರೂ ಬಿ.ಕಾಂ. ಓದಿದವರು. ನನಗೆ ಅವನಿಗಿಂತ ಮಾರ್ಕು ಜಾಸ್ತಿ ಬಂದಿತ್ತು. ಅದಕ್ಕೂ ಇಲ್ಲಿನ ವಿಷಯಕ್ಕೂ ಸಂಬಂಧವಿಲ್ಲ, ಆದರೂ ಹೇಳಿಬಿಡುತ್ತೇನೆ.

ಇವತ್ತು ಅವನ ಅಂಗಡಿ ಇಲ್ಲ, ನನ್ನ ಘಟಕ ಇದೆ. ಇಷ್ಟು ಹೇಳಿದರೆ ಸಾಕು, ನೆಂಟರ ಪೈಕಿ ಯಾರಾದರೂ ‘ಹೆಂಗಸರು ಹಿಡಿದ ಕೆಲಸ ಬಿಡಲ್ಲ ನೋಡಿ’ ಎಂದು ಹೊಗಳುತ್ತಾರೆ. ನನಗೆ ಈ ಹೊಗಳಿಕೆ ರುಚಿಸುವುದಿಲ್ಲ. ನನ್ನ ಘಟಕ ಉಳಿದದ್ದು ಯಾವ ಕಾರಣಕ್ಕೋ, ಇಷ್ಟು ವರ್ಷವಾದರೂ ಆ ಗೋದಾಮು ದಾಟಿ ಹೊರಗೆ ಬರದೆ ಇದ್ದದ್ದೂ ಅದೇ ಕಾರಣಕ್ಕೆ.

ದುಡ್ಡಿನಿಂದಲೇ ಶುರುಮಾಡುತ್ತೇನೆ. ತಮ್ಮನ ಬಂಡವಾಳ ಬಂದದ್ದು ಅಪ್ಪನ ತೋಟದ ಪಹಣಿಯಿಂದ. ಅಪ್ಪ ವರ್ಷ ವರ್ಷ ಬೆಳೆಸಾಲ ತೆಗೆದು ಕಟ್ಟುತ್ತಿದ್ದ ಬ್ಯಾಂಕು, ಕಾಫಿ ಕೊಟ್ಟು ಬಂದ ಪರಿಚಯ. ಕಾಗದಕ್ಕೆ ಸಹಿ ಹಾಕಿ, ಒಂದು ಕಾಫಿ ಕುಡಿದು ಇಬ್ಬರೂ ಮನೆಗೆ ಬಂದರು. ಆ ತೋಟದಲ್ಲಿ ನನಗೂ ಪಾಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಮಗಳನ್ನೂ ಮಗನ ಸಮಕ್ಕೆ ನಿಲ್ಲಿಸಿದೆ. ಆದರೆ ಪಾಲು ಕೇಳಿದ ಹೆಣ್ಣುಮಗಳಿಗೆ ತವರಿನ ಬಾಗಿಲು ಅರ್ಧ ಮುಚ್ಚುತ್ತದೆ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು ಕೇಳಲಿಲ್ಲ. ಅಪ್ಪನೂ ತಾನಾಗಿ ಹೇಳಲಿಲ್ಲ.

ಗಂಡನ ಮನೆ ಕಡೆ ನೋಡಿದರೆ, ಪಹಣಿ ಮಾವ ಮತ್ತು ಅವರ ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿ ಇತ್ತು. ಪಾಲು ಆಗಿರಲಿಲ್ಲ. ಕೊಡಗಿನಲ್ಲಿ ಇದು ಹೊಸ ಕಥೆಯಲ್ಲ. ಜಮ್ಮಾ ಬಾಣೆ, ಎಂದರೆ ವಂಶಪಾರಂಪರ್ಯವಾಗಿ ಬಂದ ಹಳೇ ಹಿಡುವಳಿ, ಇರುವ ಕಡೆಯಂತೂ ಪಹಣಿ ತೆಗೆಸಿದರೆ ತೀರಿಹೋದ ಹಿರಿಯರ ಹೆಸರುಗಳೇ ಸಾಲಾಗಿ ಬರುತ್ತವೆ. ಗಂಡಸರಿಗೇ ಅಲ್ಲಿ ತಮ್ಮ ಹೆಸರು ಸೇರಿಸಿಕೊಳ್ಳುವಷ್ಟರಲ್ಲಿ ಸಾಕಾಗುತ್ತದೆ, ಸೊಸೆಯ ಹೆಸರಿನ ಮಾತು ಎಲ್ಲಿಂದ ಬರಬೇಕು. ನನ್ನ ಗಂಡ ಪಕ್ಕದ ಎಸ್ಟೇಟಿನಲ್ಲಿ ರೈಟರ್, ಲೆಕ್ಕಪತ್ರ ಬರೆಯುವ ಕೆಲಸ. ಅವರ ಹೆಸರಿನಲ್ಲಿ ಒಂದು ಬೈಕ್ ಇತ್ತು.

ಹಾಗಾಗಿ ನಾನು ಹಿಡಿದದ್ದು ಸರ್ಕಾರಿ ದಾರಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಎಲ್ಲರೂ ಪಿಎಂಇಜಿಪಿ ಅನ್ನುತ್ತಾರೆ, 2008ರಿಂದ ಇದೆ. ಸಾಮಾನ್ಯ ವರ್ಗದ ಗಂಡಸು ಹಳ್ಳಿಯಲ್ಲಿ ಘಟಕ ಹಾಕಿದರೆ ಯೋಜನಾ ವೆಚ್ಚದ ಶೇ. 25 ಸಬ್ಸಿಡಿ, ಕೈಯಿಂದ ಶೇ. 10 ಹಾಕಬೇಕು. ಹೆಂಗಸಾದರೆ ಸಬ್ಸಿಡಿ ಶೇ. 35, ಕೈಯಿಂದ ಶೇ. 5 ಸಾಕು. ನಾಲ್ಕು ಲಕ್ಷದ ಯೋಜನೆ ಹಾಕಿಕೊಂಡೆ. 20,000 ನನ್ನದು, 3,80,000 ಬ್ಯಾಂಕಿನದು. ಅದರಲ್ಲಿ 1,40,000 ಮುಂದೆ ಸಬ್ಸಿಡಿಯಾಗಿ ತೀರುತ್ತದೆ. ಕೇಳಲು ಸಲೀಸಾಗಿದೆ. ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯವೆಂದರೆ ಆ ಸಬ್ಸಿಡಿ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ನಮ್ಮ ಹೆಸರಿನ ಠೇವಣಿಯಾಗಿ ಮೂರು ವರ್ಷ ಕೂತಿರುತ್ತದೆ. ಅಷ್ಟು ಭಾಗಕ್ಕೆ ಬಡ್ಡಿ ಹಾಕುವುದಿಲ್ಲ, ಘಟಕ ನಡೆಯುತ್ತಿದೆ ಎಂದು ಬಂದು ನೋಡಿದ ಮೇಲೆ ಸಾಲಕ್ಕೆ ಜಮಾ ಮಾಡುತ್ತಾರೆ. ಎಂದರೆ ಮೂರು ವರ್ಷ ಬಾಗಿಲು ತೆರೆದಿಟ್ಟಿರಬೇಕು. ನನ್ನ ಮಟ್ಟಿಗೆ ಈ ಮೂರು ವರ್ಷದ ಷರತ್ತು ಸಬ್ಸಿಡಿಗಿಂತ ಹೆಚ್ಚು ಕೆಲಸ ಮಾಡಿತು. ಅದಿಲ್ಲದಿದ್ದರೆ 2018ರಲ್ಲೇ ಮನೆಯವರು ‘ಸಾಕು ಬಿಡು’ ಅಂದುಬಿಡುತ್ತಿದ್ದರು.

ಪ್ರಾಜೆಕ್ಟ್ ರಿಪೋರ್ಟ್ ಬರೆಸಲು ಒಬ್ಬರು ಲೆಕ್ಕಪತ್ರದವರ ಹತ್ತಿರ ಹೋದೆ. ಏನೇನು ಮಾಡ್ತೀರಿ ಎಂದರು. ಹೇರಳೆಕಾಯಿ, ಕಳಲೆ (ಎಳೆ ಬಿದಿರು), ಗಾಂಧಾರಿ ಮೆಣಸಿನ ಉಪ್ಪಿನಕಾಯಿ ಎಂದೆ. ‘ಮಡಿಕೇರಿಗೆ ಬರೋ ಟೂರಿಸ್ಟ್‌ಗಳು ಕೇಳೋದು ಪಂದಿ ಉಪ್ಪಿನಕಾಯಿ ಮತ್ತೆ ಹೋಂ ಮೇಡ್ ವೈನು ಮೇಡಂ,’ ಎಂದರು. ನಿಜವೇ. ಆದರೆ ಪಂದಿ ಎಂದರೆ ಹಂದಿ, ಈ ಯೋಜನೆಯಲ್ಲಿ ಮಾಂಸಕ್ಕೂ ಮಾದಕ ವಸ್ತುವಿಗೂ ಸಾಲ ಕೊಡುವಂತಿಲ್ಲ. ಕೊಡಗಿನ ಹೆಸರಿನಲ್ಲಿ ಅತಿ ಹೆಚ್ಚು ಬಿಕರಿಯಾಗುವ ಎರಡೂ ಸಾಮಾನು ಹೀಗೆ ಪಟ್ಟಿಯಿಂದ ಹೊರಗೆ ಹೋದವು. ಕೊನೆಗೆ ಪಂದಿ ಕರಿಯ ಮಸಾಲೆ ಪುಡಿ ಮಾಡುವುದೆಂದಾಯಿತು. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆ, ಮೆಂತ್ಯ ಕಪ್ಪಾಗುವ ತನಕ ಹುರಿದು ಪುಡಿ ಮಾಡಿದ್ದು. ಅದರಲ್ಲಿ ಮಾಂಸ ಇಲ್ಲವಲ್ಲ, ಪೊಟ್ಟಣದ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆ ಬೀಳುತ್ತದೆ. ಪಂದಿ ಕರಿ ಮಸಾಲೆ, ಹಸಿರು ಚುಕ್ಕೆ. ಇವತ್ತಿಗೂ ಅದನ್ನು ನೋಡಿ ನಗುವ ಗಿರಾಕಿಗಳಿದ್ದಾರೆ.

ಅದೇ ರಿಪೋರ್ಟಿನಲ್ಲಿ ಖರ್ಚಿನ ಪಟ್ಟಿ ಇತ್ತು. ಕಚ್ಚಾ ಸಾಮಾನು, ಕರೆಂಟು, ಪ್ಯಾಕಿಂಗ್, ಸಾಗಾಟ, ಒಬ್ಬ ಸಹಾಯಕಿಯ ಸಂಬಳ. ಮಾಲೀಕರ ಸಂಬಳದ ಜಾಗದಲ್ಲಿ ಅವರು ಸೊನ್ನೆ ಹಾಕಿದರು. ‘ನಿಮ್ದೇ ಮನೆ, ನಿಮ್ದೇ ಕೆಲ್ಸ. ಇಲ್ಲಿ ಹಾಕಿದ್ರೆ ಲಾಭ ಕಮ್ಮಿ ಕಾಣುತ್ತೆ, ಬ್ಯಾಂಕಿನವ್ರು ಒಪ್ಪಲ್ಲ.’ ತಮ್ಮನ ರಿಪೋರ್ಟನ್ನೂ ಅವರೇ ಬರೆದಿದ್ದರು. ಅಲ್ಲಿ ಮಾಲೀಕರ ಖರ್ಚಿಗೆ ಎಂದು ತಿಂಗಳಿಗೆ ಒಂದು ಮೊತ್ತ ಇತ್ತು. ‘ಗಂಡಸು, ಸಂಸಾರ ನಡೀಬೇಕಲ್ಲ’ ಎಂಬ ಲೆಕ್ಕ.

ಸಂದರ್ಶನಕ್ಕೆ ಮಡಿಕೇರಿಗೆ ಹೋದೆ. ನನಗಿಂತ ಮುಂಚೆ ಸಿಮೆಂಟ್ ಇಟ್ಟಿಗೆ ಘಟಕ ಹಾಕುವ ಹುಡುಗನೊಬ್ಬ ಇದ್ದ. ಅವನಿಗೆ ಎಂ ಸ್ಯಾಂಡ್ ಎಲ್ಲಿಂದ ತರಿಸುತ್ತೀರಿ, ಇಟ್ಟಿಗೆಗೆ ಎಷ್ಟು ಬೀಳುತ್ತದೆ ಎಂದು ಕೇಳಿದರು. ನನಗೆ ಮಕ್ಕಳೆಷ್ಟು, ಚಿಕ್ಕದಕ್ಕೆ ಎಷ್ಟು ವಯಸ್ಸು, ನೀವು ಗೋದಾಮಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ಅತ್ತೆ ಎಂದೆ. ಬ್ಯಾಡಗಿ ಮೆಣಸಿನಕಾಯಿಯ ದರ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಅದನ್ನು ಯಾರೂ ಕೇಳಲಿಲ್ಲ.

ಆಯ್ಕೆಯಾದ ಮೇಲೆ ಅರ್ಜಿ ಬ್ಯಾಂಕಿಗೆ ಹೋಯಿತು. ಯಾವ ಬ್ಯಾಂಕು ಎಂದು ಬರೆಯುವುದಿಲ್ಲ, ಅಲ್ಲಿದ್ದವರು ಈಗ ಯಾರೂ ಇಲ್ಲ. ‘ಮನೆಯವರನ್ನ ಕರ್ಕೊಂಡು ಬನ್ನಿ ಮೇಡಂ’ ಎಂದರು. ಕರೆದುಕೊಂಡು ಹೋದೆ. ‘ಯಜಮಾನ್ರ ಸಂಬಳದ ಸ್ಲಿಪ್ ಕೊಡಿ.’ ಕೊಟ್ಟೆವು. ‘ಜಾಗದ ಪಹಣಿ?’ ಅಲ್ಲಿಗೆ ನಿಂತಿತು. ಸಣ್ಣ ಉದ್ಯಮಕ್ಕೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಎಂದು ಆಗಲೇ ರಿಸರ್ವ್ ಬ್ಯಾಂಕಿನ ನಿರ್ದೇಶನವೇ ಇತ್ತು, ಅಂಥ ಸಾಲಕ್ಕೆ ಸರ್ಕಾರದ ಖಾತರಿ ನಿಧಿಯೂ ಇದೆ. ನಾನು ಸುತ್ತೋಲೆಯ ಪ್ರಿಂಟ್ ತೆಗೆಸಿ ಫೈಲಿನಲ್ಲಿ ಮೇಲೆಯೇ ಇಟ್ಟುಕೊಂಡು ಹೋದೆ. ಮ್ಯಾನೇಜರ್ ಓದಿದರು. ಕೋಪ ಮಾಡಿಕೊಳ್ಳಲಿಲ್ಲ, ‘ಇದೆಲ್ಲ ನಮ್ಗೂ ಗೊತ್ತು, ಆದ್ರೆ ಮನೆಯವ್ರ ಜವಾಬ್ದಾರಿ ಇದ್ರೆ ಒಳ್ಳೇದಲ್ವಾ’ ಎಂದರು. ಗಂಡ ಜಾಮೀನಿಗೆ ಸಹಿ ಹಾಕಿದರು. ತಮ್ಮನ ಸಾಲಕ್ಕೆ ಅವನ ಹೆಂಡತಿಯ ಸಹಿ ಯಾರೂ ಕೇಳಿರಲಿಲ್ಲ.

ಸ್ಥಳ ನೋಡಲು ಬಂದ ಅಧಿಕಾರಿ ಮಸಾಲೆ ಅರೆಯುವ ಯಂತ್ರ ಪಲ್ವರೈಸರಿನ ಮುಂದೆ ನಿಂತು ಪ್ರಶ್ನೆಗಳನ್ನೆಲ್ಲ ನನ್ನ ಗಂಡನಿಗೆ ಕೇಳಿದರು. ಎಷ್ಟು ಎಚ್‌ಪಿ, ಗಂಟೆಗೆ ಎಷ್ಟು ಕೆಜಿ ಅರೆಯುತ್ತೆ, ಜರಡಿ ಯಾವ ನಂಬರಿನದು. ಇವರು ತಲೆ ಕೆರೆದುಕೊಂಡು, ‘ನಂಗೊತ್ತಿಲ್ಲ ಸಾರ್, ಅವಳನ್ನೇ ಕೇಳಿ’ ಎಂದರು. ಅವರ ಮೇಲೆ ನನಗೆ ಬೇಕಾದಷ್ಟು ದೂರುಗಳಿವೆ, ಆದರೆ ಈ ಒಂದು ಉತ್ತರಕ್ಕೆ ಋಣಿ.

ಮೀಟರಿನ ಕೆಲಸ ಇದಕ್ಕಿಂತ ಸೂಕ್ಷ್ಮದ್ದು. ಗೋದಾಮಿನ ಕರೆಂಟು ಮಾವನ ಹೆಸರಿನಲ್ಲಿತ್ತು. ಚೆಸ್ಕಾಂನಲ್ಲಿ ಕೈಗಾರಿಕೆಯ ಸಂಪರ್ಕಕ್ಕೆ ಬದಲಾಯಿಸಬೇಕಾದರೆ ಅವರ ಒಪ್ಪಿಗೆ ಪತ್ರ ಬೇಕು, ಬ್ಯಾಂಕಿಗೆ ಬಾಡಿಗೆ ಕರಾರು ಬೇಕು. ಮಾವ ಗೋದಾಮನ್ನು ಬಾಯಿಮಾತಲ್ಲಿ ಯಾವತ್ತೋ ಕೊಟ್ಟಿದ್ದರು. ಛಾಪಾ ಕಾಗದ ಮುಂದಿಟ್ಟಾಗ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡು, ‘ಮನೆ ಒಳಗೆ ಬರವಣಿಗೆ ಯಾಕಮ್ಮ?’ ಎಂದರು. ಬ್ಯಾಂಕಿನವರು ಕೇಳುತ್ತಾರೆ ಮಾವ ಎಂದೆ. ಸಹಿ ಮಾಡಿದರು. ಕಾಗದ ಒಯ್ಯುವಾಗ ಅತ್ತೆ ಅಡುಗೆ ಮನೆಯಿಂದಲೇ, ‘ಕಾಫಿ ಬಂದಾಗ ಜಾಗ ಬಿಡ್ಬೇಕಾಗುತ್ತೆ, ನೆನಪಿರ್ಲಿ’ ಎಂದರು. ಅದು ಕರಾರಿನಲ್ಲಿ ಇರಲಿಲ್ಲ, ಆದರೆ ನಡೆದದ್ದು ಅದೇ. ಪ್ರತಿ ವರ್ಷ ಡಿಸೆಂಬರಿನಲ್ಲಿ ಕಾಫಿ ಚೀಲ ಒಳಗೆ ಬರುತ್ತದೆ, ನನ್ನ ಡಬ್ಬಗಳು ಗೋಡೆಗೆ ಒತ್ತರಿಸಿಕೊಳ್ಳುತ್ತವೆ. ಕ್ರಿಸ್‌ಮಸ್, ಹೊಸ ವರ್ಷಕ್ಕೆ ಮಡಿಕೇರಿ ತುಂಬಿ ತುಳುಕುವುದೂ ಆಗಲೇ. ನನ್ನ ಸೀಸನ್ನೂ ಕಾಫಿಯ ಸೀಸನ್ನೂ ಒಂದೇ ತಿಂಗಳಲ್ಲಿ ಬಿದ್ದಿವೆ, ಎರಡಕ್ಕೂ ಬೇಕಾದ ಕೈಗಳು ನನ್ನವೇ. ಬೆಳಿಗ್ಗೆ ಕುಯ್ಯುವವರನ್ನು ಹಚ್ಚಬೇಕು, ಸಂಜೆ ಹಣ್ಣು ತೂಗಿ ಚೀಟಿ ಬರೆಯಬೇಕು, ನಡುವೆ ಮಸಾಲೆ ಹುರಿಯಬೇಕು.

ಆಹಾರ ಸುರಕ್ಷತೆಯ ನೋಂದಣಿ ಮಾತ್ರ ಸರಳವಾಗಿ ಆಯಿತು. ಆಗ ವರ್ಷದ ವಹಿವಾಟು 12 ಲಕ್ಷದ ಒಳಗಿದ್ದರೆ ವರ್ಷಕ್ಕೆ 100 ರೂಪಾಯಿ, ಫೋಟೊ, ಗುರುತಿನ ಚೀಟಿ. ಹದಿನಾಲ್ಕು ಅಂಕೆಯ ನಂಬರ್ ಬಂತು. ಅದು ನನ್ನ ಹೆಸರಿನಲ್ಲೇ ಬಂತು.

ಮಾಡುವುದು ಬೇರೆ, ಮಾರುವುದು ಬೇರೆ. ಕುಶಾಲನಗರದಿಂದ ಮಡಿಕೇರಿವರೆಗೆ ರಸ್ತೆಬದಿಯಲ್ಲಿ ಸಾಂಬಾರ ಪದಾರ್ಥ, ಜೇನು, ಚಾಕಲೇಟು ಮಾರುವ ಅಂಗಡಿಗಳಿವೆಯಲ್ಲ, ಅವೇ ನಮ್ಮಂಥವರ ಮಾರುಕಟ್ಟೆ. ಅಲ್ಲಿ ಸಾಮಾನು ಇಟ್ಟು ಬಂದು, ಬಿಕರಿಯಾದ ಮೇಲೆ ದುಡ್ಡು. ವಸೂಲಿಗೆ ಹೋಗಬೇಕಾದ್ದು ಸಂಜೆ, ಅವರ ಗಲ್ಲಾ ತುಂಬಿದ ಮೇಲೆ. ನನ್ನ ತಮ್ಮ ಅಂಗಡಿ ಮುಚ್ಚಿ ರಾತ್ರಿ ಒಂಬತ್ತಕ್ಕೆ ವಸೂಲಿಗೆ ಹೊರಡುತ್ತಿದ್ದ, ಒಂದು ಟೀ ಕುಡಿದು, ನಾಲ್ಕು ಮಾತಾಡಿ, ಅರ್ಧವಾದರೂ ಕೈಗೆ ಹಾಕಿಸಿಕೊಂಡು ಬರುತ್ತಿದ್ದ. ನನಗೆ ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಮುಖ್ಯರಸ್ತೆಯಿಂದ ಮನೆಗೆ ಎಸ್ಟೇಟಿನ ಒಳದಾರಿ, ಅಲ್ಲಿ ಕತ್ತಲಾದ ಮೇಲೆ ಆನೆ. ಆನೆಗೆ ಗಂಡಸು ಹೆಂಗಸು ಎಂಬ ಭೇದವಿಲ್ಲ, ಆದರೆ ಜೀಪು ಇರುವವರು ಯಾರು, ನಡೆಯುವವರು ಯಾರು ಎನ್ನುವ ಭೇದವಿದೆ. ಮಧ್ಯಾಹ್ನ ಹೋದರೆ ‘ಮಾಲೀಕ್ರಿಲ್ಲ ಅಕ್ಕ, ಸಂಜೆ ಅಣ್ಣನ್ನ ಕಳ್ಸಿ’ ಅನ್ನುತ್ತಿದ್ದರು. ನನ್ನ ಬಾಕಿ ನನಗಿಂತ ಬೇಗ ನನ್ನ ಗಂಡನ ಕೈಗೆ ಸಿಗುತ್ತಿತ್ತು. ಹಾಗಾಗಿ ಉದ್ರಿ ಕೊಡುವುದನ್ನೇ ಕಮ್ಮಿ ಮಾಡಿದೆ. ನಗದು ಕೊಡುವ ಕೆಲವೇ ಅಂಗಡಿ, ಮಡಿಕೇರಿಯ ಶುಕ್ರವಾರದ ಸಂತೆ, ಸ್ತ್ರೀಶಕ್ತಿ ಸಂಘದ ಹೆಂಗಸರು, ಇಷ್ಟೇ. ವ್ಯಾಪಾರ ಅರ್ಧಕ್ಕೆ ಇಳಿಯಿತು. ಬಾಕಿ ಬೀಳುವುದೂ ನಿಂತಿತು.

2018ರ ಆಗಸ್ಟ್ ಬಂತು, ಮಳೆಗೆ ಗುಡ್ಡಗಳು ಕುಸಿದವು. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಜೋಡುಪಾಲ. ಹೆಸರು ಹೇಳಿದರೆ ಸಾಕು, ಕೊಡಗಿನವರಿಗೆ ಬೇರೆ ವಿವರ ಬೇಡ. ಮಾದಾಪುರದಿಂದ ಹಟ್ಟಿಹೊಳೆಯ ಮೇಲೆ ಮಡಿಕೇರಿಗೆ ಹೋಗುವ ನಮ್ಮ ರಸ್ತೆ ಕಡೆಕಡೆ ಇಲ್ಲವೇ ಆಯಿತು. ಪ್ರವಾಸಿಗರು ಬರಬಾರದೆಂದು ಜಿಲ್ಲಾಡಳಿತ ತಡೆ ಹಾಕಿತು. ನನ್ನ ಡಬ್ಬಗಳು ಗೋದಾಮಿನಲ್ಲಿ ಕೂತವು, ಹುರಿದಿಟ್ಟ ಮಸಾಲೆ ಥಂಡಿ ಹಿಡಿಯಿತು. ತಮ್ಮನ ಅಂಗಡಿಗೆ ಮಣ್ಣು ಮುಟ್ಟಲಿಲ್ಲ. ಅವನಿಗೆ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಅವನ ಉದ್ರಿ ಪುಸ್ತಕದಲ್ಲಿದ್ದ ತೋಟಗಳಲ್ಲಿ ಕೆಲವು ಜಾರಿ ಹೋಗಿದ್ದವು. ತೋಟವೇ ಹೋದವನ ಹತ್ತಿರ ಕಳೆ ಕೊಚ್ಚುವ ಮೆಷಿನ್ನಿನ ಬಾಕಿ ಹೇಗೆ ಕೇಳುವುದು? ಅವನು ಕೇಳಲಿಲ್ಲ. ಅದು ಅವನ ದೊಡ್ಡ ಗುಣ, ಅಂಗಡಿಗೆ ಮಾತ್ರ ಕಂಟಕವಾಯಿತು. 2019ರ ಮಳೆಗಾಲವೂ ಹಾಗೇ ಹೋಯಿತು. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಅಂಗಡಿ ಬಾಡಿಗೆ, ಇಬ್ಬರು ಹುಡುಗರ ಸಂಬಳ, ಕಂಪನಿಗೆ ಕೊಡಬೇಕಾದ ದುಡ್ಡು, ಬ್ಯಾಂಕಿನ ಕಂತು. ಕಂತಿಗೆ ಆಗಸ್ಟ್‌ವರೆಗೆ ವಿನಾಯಿತಿ ಸಿಕ್ಕಿತು, ಬಡ್ಡಿ ಏರುತ್ತಲೇ ಇತ್ತು. ವರ್ಷದ ಕೊನೆಗೆ ಅವನು ಶಟರ್ ಎಳೆದ. ಅಪ್ಪ ಒಂದಿಷ್ಟು ಮರ ಕಡಿಸಿ ಮಾರಿ ಸಾಲ ತೀರಿಸಿದರು. ಮುಂದಿನ ಸೀಸನ್ನಿನಲ್ಲಿ ಅವನು ಒಂದು ಹಳೇ ಪಿಕಪ್ ಕೊಂಡು ಕಾಫಿ, ಮೆಣಸು ಖರೀದಿಗೆ ಇಳಿದ. ಊರಿನಲ್ಲಿ ಯಾರೂ ‘ಅವನ ವ್ಯಾಪಾರ ಬಿತ್ತು’ ಎನ್ನಲಿಲ್ಲ. ‘ಲೈನ್ ಬದಲಾಯಿಸಿದ’ ಎಂದರು.

ನನ್ನದು ಯಾಕೆ ಬೀಳಲಿಲ್ಲ? ಬಾಡಿಗೆ ಕೊಡಬೇಕಾಗಿರಲಿಲ್ಲ. ಸಹಾಯಕಿಯನ್ನು ಬಿಡಿಸಿದೆ. ಉದ್ರಿ ಇರಲಿಲ್ಲ. ಕಂತನ್ನು ಗಂಡನ ಸಂಬಳದಲ್ಲಿ, ಸಂಘದ ಸಾಲದಲ್ಲಿ ಹೇಗೋ ಕಟ್ಟಿದೆವು. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮ ತೋಟದಲ್ಲಿ ಕಾಫಿ ಕುಯ್ಯುವ ಹೆಂಗಸಿನ ದಿನಗೂಲಿಯನ್ನೇ ನನ್ನ ಹೆಸರಿಗೆ ಹಿಡಿದು ಲೆಕ್ಕ ಹಾಕಿ ನೋಡಿದೆ. ಮೊದಲ ಮೂರು ವರ್ಷದ ಲಾಭವೆಲ್ಲ ಮಾಯವಾಗಿ ನಷ್ಟ ಬಂತು. ಪ್ರಾಜೆಕ್ಟ್ ರಿಪೋರ್ಟಿನ ಆ ಸೊನ್ನೆಯೇ ನನ್ನ ಘಟಕವನ್ನು ಹೊತ್ತುಕೊಂಡು ಬಂದದ್ದು. ಅದು ಹೊತ್ತುಕೊಂಡಿದ್ದರಿಂದಲೇ ಹೊಸ ಮೆಷಿನ್ನಿಗೆ, ರಸ್ತೆಬದಿಯ ಒಂದು ಮಳಿಗೆಗೆ, ಇನ್ನೊಂದು ಕೈಗೆ ಯಾವತ್ತೂ ದುಡ್ಡು ಉಳಿಯಲಿಲ್ಲ.

ಮೂರು ವರ್ಷ ಮುಗಿದು ಸಬ್ಸಿಡಿ ಸಾಲಕ್ಕೆ ಜಮಾ ಆದ ಮೇಲೆ, 2021ರಲ್ಲಿ, ನಾನೂ ಬಾಗಿಲು ಹಾಕಿದೆ. ನಷ್ಟಕ್ಕಲ್ಲ. ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮೈಸೂರಿನಲ್ಲಿ ಆಪರೇಷನ್, ಆಮೇಲೆ ಹಾಸಿಗೆ. ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ನಾನು ಕೊಟ್ಟಿದ್ದ ಉತ್ತರವೇ ಮಂಚದ ಮೇಲೆ ಮಲಗಿತ್ತು. ಗಂಡನ ರೈಟರ್ ಕೆಲಸ ಬಿಡುವ ಮಾತೇ ಇಲ್ಲ, ಅದಕ್ಕೆ ಸಂಬಳವಿದೆ. ಬೆಂಗಳೂರಿನ ಭಾವನವರಿಗೆ ರಜೆ ಇಲ್ಲ. ನನ್ನದು ‘ಸ್ವಂತದ್ದಲ್ವಾ, ಯಾವಾಗ ಬೇಕಾದ್ರೂ ತೆಗೀಬಹುದು’. ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಒಂದು ದಿನ ಮೆಷಿನ್ನಿನ ಮೇಲೆ ಟಾರ್ಪಾಲು ಬಿತ್ತು. ವರ್ಷಕ್ಕೂ ಮೇಲ್ಪಟ್ಟು ಅದು ಹಾಗೇ ಇತ್ತು. ಅಷ್ಟರಲ್ಲಿ ಸಂತೆಯ ಗಿರಾಕಿಗಳು ಬೇರೆಯವರ ಹತ್ತಿರ ಹೋಗಿದ್ದರು. ನನ್ನ ಉದ್ಯಮದ ನೋಂದಣಿ ಮಾತ್ರ ಸರ್ಕಾರದ ಪೋರ್ಟಲಿನಲ್ಲಿ ಚಾಲ್ತಿಯಲ್ಲೇ ಇತ್ತು.

ಮತ್ತೆ ಶುರುಮಾಡುವ ಧೈರ್ಯ ಬಂದದ್ದು ಒಂದು ತರಬೇತಿಯಲ್ಲಿ. ಸಣ್ಣ ಉದ್ಯಮದ ಹೆಂಗಸರಿಗೆಂದು ನಡೆಸಿದ್ದು. ಎಂದಿನಂತೆ ದೀಪ, ಭಾಷಣ, ಉಪ್ಪಿಟ್ಟು. ಮಧ್ಯಾಹ್ನ ಬಂದ ಅರ್ಥಶಾಸ್ತ್ರದ ಉಪನ್ಯಾಸಕಿಯೊಬ್ಬರು ಮಾತ್ರ ಬೇರೆ ರೀತಿಯಲ್ಲಿ ಮಾತಾಡಿದರು. ಶ್ರೀಲಂಕಾದಲ್ಲಿ ಸಂಶೋಧಕರು ಸಣ್ಣ ಸಣ್ಣ ವ್ಯಾಪಾರ ಮಾಡುವ ಗಂಡಸರಿಗೂ ಹೆಂಗಸರಿಗೂ ಒಂದಿಷ್ಟು ದುಡ್ಡು ಉಚಿತವಾಗಿ ಕೊಟ್ಟು ಏನಾಗುತ್ತದೆಂದು ನೋಡಿದರಂತೆ. ಗಂಡಸರ ಲಾಭ ಏರಿತು, ಹೆಂಗಸರ ಲಾಭ ಏರಲೇ ಇಲ್ಲ. ಹೆಂಗಸರಿಗೆ ವ್ಯಾಪಾರ ಬರುವುದಿಲ್ಲ ಎಂದುಕೊಂಡವರೂ ಇದ್ದರು. ವರ್ಷಗಳ ಮೇಲೆ, 2019ರಲ್ಲಿ, ಬೇರೆ ಸಂಶೋಧಕರು ಅದೇ ಅಂಕಿಗಳನ್ನು ಭಾರತದ ಮತ್ತು ಘಾನಾದ ಅಂಕಿಗಳ ಜೊತೆ ಇಟ್ಟು ಮತ್ತೆ ನೋಡಿದರು. ಮನೆಯಲ್ಲಿ ಗಂಡನಿಗೂ ಒಂದು ವ್ಯಾಪಾರವಿದ್ದರೆ ಹೆಂಡತಿಯ ಹೆಸರಿಗೆ ಬಂದ ದುಡ್ಡು ಅಲ್ಲಿಗೆ ಹೋಗುತ್ತಿತ್ತು. ಹೆಂಗಸಿನದೊಂದೇ ವ್ಯಾಪಾರ ಇದ್ದ ಮನೆಗಳಲ್ಲಿ ಅವಳ ಲಾಭ ಗಂಡಸರಿಗೆ ಕಮ್ಮಿಯೇನೂ ಇರಲಿಲ್ಲ. ಇದನ್ನು ಹೇಳಿದ ಕೂಡಲೇ ಸಭೆಯಲ್ಲಿ ನಗು ಹಬ್ಬಿತು. ಪಕ್ಕದಲ್ಲಿದ್ದಾಕೆ ನನ್ನ ಮೊಣಕೈ ತಿವಿದು, ‘ನಮ್ ಸಂಘದ ಸಾಲದಲ್ಲಿ ಅವ್ರ ಪಿಕಪ್ಪಿಗೆ ಹೊಸ ಟಯರ್ ಬಂತು ಅಕ್ಕ’ ಎಂದಳು. ನನಗೂ ಹೇಳುವುದಕ್ಕಿತ್ತು. ನನ್ನ ಸಾಲದ ಮೊದಲ ಕಂತಿನಿಂದಲೇ ಆ ವರ್ಷದ ಕಾಫಿ ಕುಯ್ಲಿನ ಕೂಲಿಗೆ ಅರವತ್ತು ಸಾವಿರ ಹೋಗಿತ್ತು. ಕಾಫಿ ಮಾರಿದ ಮೇಲೆ ಬಂತು, ಆದರೆ ಮೆಣಸಿನಕಾಯಿ ಅಗ್ಗವಾಗಿದ್ದ ಹೊತ್ತಿಗೆ ಕೈಯಲ್ಲಿ ಇರಲಿಲ್ಲ.

ಅಮೆರಿಕದ್ದೂ ಒಂದು ಹೇಳಿದರು. ಇಂಡಿಯಾನಾ ರಾಜ್ಯದಲ್ಲಿ 1980ರ ದಶಕದಲ್ಲಿ ಕಂಪ್ಯೂಟರ್, ಊಟತಿಂಡಿ, ಆರೋಗ್ಯ, ಈ ಮೂರು ಬಗೆಯ ಸಣ್ಣ ಸಂಸ್ಥೆಗಳನ್ನು ಹಿಂಬಾಲಿಸಿ ನೋಡಿದಾಗ, ಹೆಂಗಸರು ನಡೆಸುವವು ಗಂಡಸರವಕ್ಕಿಂತ ಹೆಚ್ಚಾಗಿ ಮುಚ್ಚಿಹೋಗಲಿಲ್ಲವಂತೆ. ನಾವು ಅಷ್ಟು ದೂರ ಹೋಗುವುದು ಬೇಡ. ನಮ್ಮ ದೇಶದ ಲೆಕ್ಕವೇ ಇದೆ. 2015–16ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಒಬ್ಬರೇ ಮಾಲೀಕರಿರುವ ಅತಿಸಣ್ಣ ಉದ್ಯಮಗಳಲ್ಲಿ ಹೆಂಗಸರದು ಶೇ. 20.44. ಸಣ್ಣ ಉದ್ಯಮಕ್ಕೆ ಬಂದರೆ ಶೇ. 5.26. ಮಧ್ಯಮಕ್ಕೆ ಬಂದರೆ ಶೇ. 2.67. ಅದಕ್ಕೂ ಹಿಂದಿನ ಆರನೇ ಆರ್ಥಿಕ ಗಣತಿಯಲ್ಲಿ ಹೆಂಗಸರ ಉದ್ದಿಮೆಗಳು ದೇಶದಲ್ಲಿ 80 ಲಕ್ಷ ಚಿಲ್ಲರೆ, ಅವುಗಳಲ್ಲಿ ಶೇ. 83ರಲ್ಲಿ ಕೂಲಿಗೆ ಒಬ್ಬರೂ ಇಲ್ಲ. ಆ ಎಂಬತ್ತಮೂರರಲ್ಲಿ ನಾನೂ ಒಬ್ಬಳು ಎಂದು ಆವತ್ತು ಲೆಕ್ಕ ಹಾಕಿಕೊಂಡೆ.

ಈ ಲೆಕ್ಕಗಳಲ್ಲಿ ಒಂದು ತಕರಾರು ನನಗಿದೆ. ಮಾಲೀಕರು ಎಂದರೆ ಯಾರು? ನಮ್ಮ ಕಡೆ ಹಿಟ್ಟಿನ ಗಿರಣಿಯೊಂದು ಹೆಂಡತಿಯ ಹೆಸರಿನಲ್ಲಿದೆ, ಹೆಚ್ಚಿನ ಸಬ್ಸಿಡಿಗಾಗಿ. ಆಕೆ ಅದರೊಳಗೆ ಹೋದದ್ದು ಪೂಜೆಯ ದಿನ ಒಂದೇ. ಇನ್ನೊಂದು ಕಡೆ ಹೋಂಸ್ಟೇಗಳನ್ನು ನೋಡಿ. ಅಡುಗೆ ಅವಳದು, ಹಾಸಿಗೆಯ ಬಟ್ಟೆ ಒಗೆಯುವುದು ಅವಳದು, ಬುಕಿಂಗಿನ ಫೋನಿಗೆ ಉತ್ತರ ಕೊಡುವುದು ಅವಳು, ಗೂಗಲ್‌ನಲ್ಲಿ ಬರುವ ಐದು ನಕ್ಷತ್ರವೆಲ್ಲ ಅವಳ ಅಕ್ಕಿ ರೊಟ್ಟಿಗೆ. ಜಾಗ ಮನೆತನದ್ದು, ಹಾಗಾಗಿ ನೋಂದಣಿ ಗಂಡನದು ಇಲ್ಲವೇ ಮಾವನದು. ಗಣತಿಯವರು ಬಂದರೆ ಗಿರಣಿ ಹೆಂಗಸಿನದು, ಹೋಂಸ್ಟೇ ಗಂಡಸಿನದು. ಕೊಡಗಿನಲ್ಲಿ 2011ರ ಜನಗಣತಿಯಂತೆ ಸಾವಿರ ಗಂಡಸರಿಗೆ 1019 ಹೆಂಗಸರಿದ್ದಾರೆ. ವ್ಯಾಪಾರದ ಬೋರ್ಡುಗಳನ್ನು ಓದುತ್ತ ಬಸ್ಸಿನಲ್ಲಿ ಹೋದರೆ ಇದು ನಂಬುವ ಮಾತಲ್ಲ.

ತರಬೇತಿಯಿಂದ ಬಂದ ಮೇಲೆ ಟಾರ್ಪಾಲು ತೆಗೆದೆ. ಈ ಸಲ ಎರಡು ಬದಲಾವಣೆ ಮಾಡಿಕೊಂಡೆ. ಘಟಕಕ್ಕೆ ಬೇರೆ ಬ್ಯಾಂಕ್ ಖಾತೆ, ಅದರ ಎಟಿಎಂ ಕಾರ್ಡು, ಚೆಕ್‌ಬುಕ್ ನನ್ನ ಹತ್ತಿರ. ತಿಂಗಳ ಐದನೇ ತಾರೀಖು ಆ ಖಾತೆಯಿಂದ ನನ್ನ ಖಾತೆಗೆ ಸಂಬಳ. ಮೊತ್ತ ಸಣ್ಣದು. ಗಂಡ ಮೊದಮೊದಲು, ‘ನಿನ್ ದುಡ್ಡು ನಿಂಗೇ ಕೊಟ್ಕೊಳ್ಳೋದಾ?’ ಎಂದು ತಮಾಷೆ ಮಾಡಿದರು. ಸಂಬಳ ಹಾಕತೊಡಗಿದ ಮೇಲೆ ಗೊತ್ತಾದದ್ದು, ಕಳಲೆ ಉಪ್ಪಿನಕಾಯಿಯನ್ನು ನಾನು ಇಷ್ಟು ವರ್ಷ ನಷ್ಟಕ್ಕೆ ಮಾರುತ್ತಿದ್ದೆ. ಕಳಲೆಯನ್ನು ಕೊಚ್ಚಿ, ದಿನ ದಿನ ನೀರು ಬದಲಾಯಿಸಿ ನೆನೆಸಿಡುವ ಕೆಲಸಕ್ಕೆ ನಾನು ಬೆಲೆಯನ್ನೇ ಹಿಡಿದಿರಲಿಲ್ಲ. ಬಾಟಲಿಗೆ ಬೆಲೆ ಏರಿಸಿದೆ. ಗಿರಾಕಿಗಳು ಗೊಣಗಿದರು, ಕೊಂಡರು.

ಈಗ ಇಬ್ಬರು ಹೆಂಗಸರು ಕೆಲಸಕ್ಕೆ ಬರುತ್ತಾರೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಮೈಸೂರಿಗೆ ಹೋಗಿ ಮೆಣಸಿನಕಾಯಿ ದರ ವಿಚಾರಿಸಿ ಬರುವುದಕ್ಕೆ ಅದು ನಿಜಕ್ಕೂ ಅನುಕೂಲವಾಯಿತು. ನಮ್ಮ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ, ಅಲ್ಲಿ ದುಡ್ಡು ಕೊಡಲೇಬೇಕು. ಸದ್ಯಕ್ಕೆ ಸಿಕ್ಕಿಕೊಂಡಿರುವುದು ಜಿಎಸ್‌ಟಿಯಲ್ಲಿ. ವಹಿವಾಟಿನ ಮಿತಿಗೆ ನಾನು ಹತ್ತಿರವೂ ಇಲ್ಲ, ಸಾಮಾನಿಗೆ 40 ಲಕ್ಷದವರೆಗೆ ನೋಂದಣಿ ಬೇಡ. ಆದರೆ ಬೇರೆ ರಾಜ್ಯಕ್ಕೆ ಸಾಮಾನು ಮಾರಬೇಕಾದರೆ ಎಷ್ಟೇ ಸಣ್ಣವರಾದರೂ ನೋಂದಣಿ ಬೇಕು. ಚೆನ್ನೈ, ಹೈದರಾಬಾದಿನ ಗಿರಾಕಿಗಳು ಪಾರ್ಸೆಲ್ ಕೇಳುತ್ತಲೇ ಇದ್ದಾರೆ. ನೋಂದಣಿ ಮಾಡಿಸಿ ರಿಟರ್ನ್ಸ್ ಹಾಕತೊಡಗಿದರೆ ಗೃಹಲಕ್ಷ್ಮಿಯ 2,000 ನಿಲ್ಲುತ್ತದೆ. ಮನೆಯಲ್ಲಿ ಈ ಎರಡು ಸಾವಿರವನ್ನು ಬಿಡಲು ಯಾರಿಗೂ ಮನಸ್ಸಿಲ್ಲ. ಅದು ತಿಂಗಳು ತಿಂಗಳು ಬರುವ ದುಡ್ಡು, ಹೈದರಾಬಾದಿನ ಪಾರ್ಸೆಲ್ ಬಂದರೆ ಬಂತು. ಈ ಸೀಸನ್ ಮುಗಿದ ಮೇಲೆ ಮಾಡಿಸುವುದೆಂದು ನಾನು ಹೇಳಿಯಾಗಿದೆ, ಗಂಡ ಇನ್ನೂ ಹೂಂ ಅಂದಿಲ್ಲ.

ಮೊನ್ನೆ ತಮ್ಮ ಬಂದಿದ್ದ. ಕಾಫಿಗೆ ಒಳ್ಳೇ ರೇಟು ಬಂದು ಕೈಯಲ್ಲಿ ನಾಲ್ಕು ಕಾಸು ಆಗಿದೆ, ಮತ್ತೆ ಯಂತ್ರ ರಿಪೇರಿಯ ಘಟಕ ಹಾಕಬೇಕು ಅಂತ. ‘ಅಕ್ಕ, ಅವಳ ಹೆಸ್ರಲ್ಲಿ ಹಾಕಿದ್ರೆ ಶೇಕಡ ಮೂವತ್ತೈದು ಬರುತ್ತಲ್ಲ, ಅರ್ಜಿ ತುಂಬಿಕೊಡು’ ಎಂದ. ಅವಳು ಪಕ್ಕದಲ್ಲೇ ಕೂತು ಮಗುವಿಗೆ ಅನ್ನ ತಿನ್ನಿಸುತ್ತಿದ್ದಳು. ನಾನು ಅವಳನ್ನೇ ಕೇಳಿದೆ, ನಿಂಗೆ ಮಾಡೋಕೆ ಇಷ್ಟ ಇದ್ಯಾ ಅಂತ. ‘ಮೆಷಿನ್ ಬಿಚ್ಚೋದು ಬರಲ್ಲ. ಬಿಲ್ಲು, ಸ್ಟಾಕು, ಕಂಪನಿಯವ್ರ ಹತ್ರ ಮಾತು, ಅದೆಲ್ಲ ನೋಡ್ಕೋಬಲ್ಲೆ,’ ಎಂದಳು. ಹಳೇ ಅಂಗಡಿಯ ಲೆಕ್ಕವನ್ನು ರಾತ್ರಿ ಕೂತು ಬರೆಯುತ್ತಿದ್ದವಳು ಅವಳೇ ಎಂದು ನನಗೆ ಆಗಲೇ ತಿಳಿದದ್ದು. ತಮ್ಮ ಯಾವತ್ತೂ ಹೇಳಿರಲಿಲ್ಲ. ಅರ್ಜಿ ತುಂಬಿದೆವು. ಮಾಲೀಕರ ಸಂಬಳದ ಜಾಗದಲ್ಲಿ ಅವಳ ಕೈಯಿಂದಲೇ ಒಂದು ಮೊತ್ತ ಬರೆಸಿದೆ. ತಮ್ಮ ಅದನ್ನು ನೋಡಿ, ‘ಇಷ್ಟು ಹಾಕಿದ್ರೆ ಬ್ಯಾಂಕಿನವ್ರು ಒಪ್ತಾರಾ?’ ಎಂದ. ಹೋದ ಸಲ ನಿಂದಕ್ಕೆ ಒಪ್ಪಿದ್ರಲ್ಲ ಎಂದೆ. ಅರ್ಜಿ ಈಗ ಬ್ಯಾಂಕಿಗೆ ಹೋಗಿದೆ.